ಟ್ರೌಟ್ ಮೀನೂ ನನ್ನ ಅನುವಾದವೂ

ಮೀನು ಕಂಡರೆ ಅದರ ಹೊಟ್ಟೆ ಅಮುಕಿ ನೋಡುವುದು ನನಗೆ ಅಂಟಿಕೊಂಡ ಚಾಳಿ. ಮೀನು ನನ್ನದಾಗಿರಬೇಕೆಂದಿಲ್ಲ, ಕೊಳ್ಳುವ ಉದ್ದೇಶವೂ ಇರಬೇಕೆಂದಿಲ್ಲ. ಬಲಗೈ ಹೆಬ್ಬೆರಳು ತಾನಾಗಿ ಹೋಗಿ ಕಿವಿರಿನ ಹಿಂದಿನಿಂದ ಬಾಲದ ಕಡೆಗೆ ಮೆಲ್ಲನೆ ಸರಿಯುತ್ತದೆ. ಒಳಗೆ ಮೊಟ್ಟೆ ಇದ್ದರೆ ನೆನೆಹಾಕಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿದ ಹಾಗೆ ಬೆರಳಿಗೆ ತಿಳಿಯುತ್ತದೆ. ಇಲ್ಲದಿದ್ದರೆ ಬರೀ ಮಾಂಸ.

ಪುಚೊಂಗ್‌ನ ನಮ್ಮ ಬೆಳಗಿನ ಸಂತೆಯಲ್ಲಿ ಮೀನು ಮಾರುವ ಚೀನೀ ಹೆಂಗಸಿಗೆ ಇದರಿಂದ ಬಹಳ ಸಿಟ್ಟು. ನಾನು ದೂರದಲ್ಲಿ ಬರುತ್ತಿರುವಾಗಲೇ ಕೂಗುತ್ತಾಳೆ: "ಅಂಕಲ್, ಜಾಂಗಾನ್ ಪಿಚಿತ್ ಲಾ! ಅಮುಕ್ಕಾದೀಂಗ!" ಮೊದಲನೆಯದು ಮಲಯ್, ಎರಡನೆಯದು ತಮಿಳು. ಎರಡರ ಅರ್ಥವೂ ಅಮುಕಬೇಡಿ ಎಂದೇ. ನಾನು ತಮಿಳನೆಂದು ಆಕೆ ತಿಳಿದುಕೊಂಡು ಹತ್ತು ಹನ್ನೆರಡು ವರ್ಷವಾಯಿತು. ತಿದ್ದಲು ಹೋಗಿಲ್ಲ. ತಿದ್ದಿದರೆ ಕರ್ನಾಟಕ ಎಲ್ಲಿದೆ ಎಂಬಲ್ಲಿಂದ ಶುರುಮಾಡಬೇಕು, ಅಷ್ಟರಲ್ಲಿ ಒಳ್ಳೆಯ ಬಂಗುಡೆಯೆಲ್ಲ ಖಾಲಿಯಾಗಿರುತ್ತದೆ.

ಹೋದ ತಿಂಗಳು ಆಕೆಯ ಮಂಜುಗಡ್ಡೆಯ ಮೇಲೆ ಒಂದು ದೊಡ್ಡ ಮೀನು ಮಲಗಿತ್ತು. ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಇಟ್ಟು ನೋಡಿದರೂ ಬಾಲ ಆಚೆ ಉಳಿಯುತ್ತಿತ್ತು. ಬೆಳ್ಳಿ ಮೈ, ಕಪ್ಪು ಚುಕ್ಕೆ, ಪಕ್ಕದಲ್ಲಿ ಮಾಸಿದ ಗುಲಾಬಿ ಪಟ್ಟಿ.

"ಸಾಲ್ಮನ್," ಎಂದಳು.

"ಸಾಲ್ಮನ್ ಅಲ್ಲ, ಟ್ರೌಟ್," ಎಂದೆ.

"ಸೇಮ್ ಸೇಮ್ ಲಾ." ಅಷ್ಟರಲ್ಲಿ ನನ್ನ ಹೆಬ್ಬೆರಳು ತನ್ನ ಕೆಲಸ ಮುಗಿಸಿತ್ತು. ಮೊಟ್ಟೆ ಇರಲಿಲ್ಲ. ಆಕೆ ಈ ಸಲ ಬೈಯಲಿಲ್ಲ. ಬದಲಿಗೆ ಕೇಳಿದಳು: "ಅಂಕಲ್, ಯೂ ಫಿಶ್ ಫಾರ್ಮ್ ಮ್ಯಾನ್. ಟೆಲ್ ಮೀ, ವೈ ಸೋ ಬಿಗ್ ವನ್?"

ಉತ್ತರ ನನಗೆ ಗೊತ್ತಿತ್ತು. ಮಲಯ್ ಭಾಷೆಯಲ್ಲಿ ಒಂದೇ ಪದ ಸಾಕು. ಹೇಳದೆ ಎರಡು ಬಂಗುಡೆ ಕಟ್ಟಿಸಿಕೊಂಡು ಮನೆಗೆ ಬಂದೆ. ಆ ಒಂದು ಪದವನ್ನು ನಾನು ಹಿಂದೊಮ್ಮೆ ಕನ್ನಡಕ್ಕೆ ತಂದಿದ್ದೆ. ಅದರ ಕಥೆಯನ್ನು ನಿಮಗೆ ಹೇಳಬೇಕಾಗಿದೆ. ನಮ್ಮ ಕನ್ನಡ ಬಳಗದ ಈ ಸಂಚಿಕೆಯಲ್ಲಿ ವರ್ಷಕ್ಕೊಮ್ಮೆ ನನ್ನ ಮೀನಿನ ಬರಹ ಓದಿ, ಬಳಗದ ಊಟದಲ್ಲಿ ಸಿಕ್ಕಾಗ "ಚೆನ್ನಾಗಿತ್ತು ಅಂಕಲ್" ಎನ್ನುವವರು ನೀವು. ಈ ಸಲ ಹಾಗೆ ಹೇಳಬೇಕಾಗಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕುಂದಾಪುರದ ಕಡೆಯವನು. ನಮ್ಮ ಕಡೆ ಮೀನಿನ ಬಗ್ಗೆ ಮಾತಾಡಲು ಯಾರೂ ಓದಬೇಕಾಗಿಲ್ಲ. ನನ್ನ ಅಜ್ಜಿ ಬುಟ್ಟಿಯ ಮೇಲಿನ ಬಾಳೆಲೆ ಸರಿಸುವ ಮೊದಲೇ, ಒಳಗೆ ಯಾವ ಮೀನಿದೆ, ಅದು ನಿನ್ನೆಯದೋ ಇವತ್ತಿನದೋ ಎಂದು ಮೂಗಿನಲ್ಲೇ ಹೇಳುತ್ತಿದ್ದಳು. ಮೊಟ್ಟೆ ತುಂಬಿದ ಮೀನು ಬಂದ ದಿನ ಆ ಮೊಟ್ಟೆಯನ್ನು ಬೇರೆಯಾಗಿ ಅರಿಶಿನ ಉಪ್ಪು ಹಚ್ಚಿ ಕಾವಲಿಯಲ್ಲಿ ಕಾಯಿಸುತ್ತಿದ್ದಳು. ಅದು ಮನೆಯ ಬಸುರಿಯರಿಗೆ ಮೊದಲು. ಬಸುರಿಯರಿಲ್ಲದಿದ್ದರೆ ನಮಗೆ. ಬಸುರಿಯರು ಇರಬಾರದು ಎಂದು ನಾನೂ ನನ್ನ ಅಣ್ಣನೂ ಮನಸ್ಸಿನಲ್ಲೇ ಹಾರೈಸುತ್ತಿದ್ದೆವು. ಹೊಟ್ಟೆಬಾಕತನ ಆ ಕಾಲದ್ದು. ಮುಂದೆ ನನ್ನ ಹಾರೈಕೆ ತಿರುಗಿ ನಿಂತಿತು, ಅದನ್ನು ಆಮೇಲೆ ಹೇಳುತ್ತೇನೆ.

ಊರಿನ ಕಡೆ ಒಂದು ಮೀನುಮರಿ ಕೇಂದ್ರದಲ್ಲಿ ಕೆಲವು ವರ್ಷ ಕೆಲಸ ಮಾಡಿ, ಪರಿಚಯದವರೊಬ್ಬರ ಮೂಲಕ ಈ ಮಲಯ್ ನಾಡಿಗೆ ಬಂದೆ. ಸೆಲಂಗೊರ್ ಕರಾವಳಿಯ ಒಂದು ಮೀನು ಫಾರಮ್ಮು. ಕೆಲಸ ಮರಿ ಮಾಡಿಸುವುದು. ಹೆಣ್ಣು ಮೀನಿಗೆ ಸೂಜಿಮದ್ದು ಕೊಟ್ಟು, ಹೊತ್ತು ನೋಡಿ, ಒದ್ದೆ ಬಟ್ಟೆಯಲ್ಲಿ ಹಿಡಿದು, ಹೊಟ್ಟೆ ನೀವಿ ಮೊಟ್ಟೆಯನ್ನು ಬೇಸಿನ್ನಿಗೆ ಇಳಿಸುವುದು. ಮೇಲೆ ಗಂಡಿನ ಹಾಲು ಬೆರೆಸುವುದು, ಕೋಳಿಗರಿಯಿಂದ ಕದಡುವುದು, ನೀರು ಹನಿಸುವುದು. ನನ್ನ ಹೆಬ್ಬೆರಳಿನ ಚಾಳಿ ಹುಟ್ಟಿದ್ದು ಅಲ್ಲಿ. ನನ್ನ ಹೆಂಡತಿ ಗಿರಿಜಾ ಅಕ್ಕಪಕ್ಕದವರಿಗೆ ನನ್ನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: "ನಮ್ಮನೆಯವರು ಮೀನಿನ ಸೂಲಗಿತ್ತಿ ಕಾಣಿ."

ಕೆಲವು ವರ್ಷ ಕಳೆದ ಮೇಲೆ ಫಾರಮ್ಮಿನಲ್ಲಿ ಒಂದು ಹೊಸ ಪದ್ಧತಿ ಬಂತು. ಮೊಟ್ಟೆಗೆ ಹಾಲು ಬೆರೆಸಿದ ಕೆಲವೇ ನಿಮಿಷಕ್ಕೆ ಅದನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಇಳಿಬಿಡಬೇಕು. ಗಡಿಯಾರ ನೋಡಿ ತೆಗೆಯಬೇಕು. ಸಾಮಾನ್ಯ ಮರಿಯಲ್ಲಿ ವಂಶದ ಗುಣ ಒಯ್ಯುವ ಎಳೆಗಳ, ಅಂದರೆ ಕ್ರೋಮೋಸೋಮಿನ, ತಾಯಿಯದೊಂದು ಕಟ್ಟು, ತಂದೆಯದೊಂದು ಕಟ್ಟು ಇರುತ್ತದಂತೆ. ಚಳಿಗೆ ಗಾಬರಿಯಾದ ಮೊಟ್ಟೆ ತಾನು ಹೊರಹಾಕಬೇಕಾಗಿದ್ದ ಒಂದು ಕಟ್ಟನ್ನು ಒಳಗೇ ಉಳಿಸಿಕೊಳ್ಳುತ್ತದೆ, ಮೂರಾಗುತ್ತದೆ. ಇಬ್ಬರ ಬೆಂಚಿನಲ್ಲಿ ಮೂರನೆಯವನು ಬಂದು ಕೂತ ಹಾಗೆ. ಆ ಮರಿ ಬದುಕುತ್ತದೆ, ತಿನ್ನುತ್ತದೆ, ಬೆಳೆಯುತ್ತದೆ. ಆದರೆ ಪ್ರಾಯಕ್ಕೆ ಬಂದಾಗ ಮೊಟ್ಟೆ ಕಟ್ಟಲು ಲೆಕ್ಕ ಸರಿಹೋಗುವುದಿಲ್ಲ. ಮೊಟ್ಟೆಗೆ ಹೋಗಬೇಕಾದ ಸತ್ವವೆಲ್ಲ ಮೈಗೇ ಹೋಗುತ್ತದೆ. ನಾವು ಕೆಲಸಗಾರರು ಅದನ್ನು 'ತೀಗಾ' ಎನ್ನುತ್ತಿದ್ದೆವು, ಮಲಯ್‌ನಲ್ಲಿ ಮೂರು ಎಂದು. ಇದನ್ನು ಕೇಳಿದ ಗಿರಿಜಾ, "ಸೂಲಗಿತ್ತಿ ಕೆಲಸವೂ ಕೆಡಿಸ್ಕಂಡ್ರಿ!" ಎಂದು ನಕ್ಕಳು. ಇಂಥ ಮೀನನ್ನು ನನ್ನ ಕೈಯಾರೆ ಎಷ್ಟು ಮಾಡಿದ್ದೇನೋ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಪ್ರಶ್ನೆ ಆ ಕಾಲದಲ್ಲಿ ಏಳಲೇ ಇಲ್ಲ. ಕನ್ನಡದಲ್ಲಿ ಕೇಳುವವರೂ ಇರಲಿಲ್ಲ.

ಕೇಳುವವಳು ಬಂದದ್ದು ಗಿರಿಜಾ ತೀರಿಕೊಂಡು ಮೂರು ವರ್ಷದ ಮೇಲೆ. ವಿದ್ಯಾ, ನನ್ನ ಒಬ್ಬನೇ ಮಗ ರವಿಯ ಹೆಂಡತಿ. ರವಿ ಇಲ್ಲೇ ಹುಟ್ಟಿ ಬೆಳೆದವನು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವನು. ವಿದ್ಯಾ ಮೈಸೂರಿನವಳು, ಇಲ್ಲಿ ಒಂದು ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಮದುವೆಯಾಗಿ ಬಂದ ವಾರದಲ್ಲೇ ಮನೆಯಲ್ಲಿ ಕನ್ನಡ ಮತ್ತೆ ಶುರುವಾಯಿತು. ಕೆಲಸದಿಂದ ಬರುವಾಗ ಮಾಮಕ್ ತಿಂಡಿ ಅಂಗಡಿಯಿಂದ ಏನಾದರೂ ತಾಪಾವು, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಬಂದು ನನ್ನ ಎದುರು ಬಿಚ್ಚುವಳು. "ಹೇಳಿ ಮಾವ, ಗಂಡು ಹೆಣ್ಣು ಹೇಗೆ ಗೊತ್ತಾಗುತ್ತೆ? ನೀರಿನ ವಾಸನೆ ನೋಡಿ ಏನು ಹೇಳ್ಬಹುದು? ಮೀನಿಗೆ ನಿದ್ದೆ ಬರುತ್ತಾ ಮಾವ?" ಎಂದು ಕೇಳುವಳು. ಮೂವತ್ತು ವರ್ಷ ಮಾಡಿದ ಕೆಲಸದ ಬಗ್ಗೆ ನನ್ನ ಮಗ ಒಂದು ಪ್ರಶ್ನೆ ಕೇಳಿದವನಲ್ಲ. ಈ ಸಂಚಿಕೆಗೆ ಬರೆಯಿರಿ ಎಂದು ಕಾಗದ ಪೆನ್ನು ತಂದು ಕೊಟ್ಟವಳೂ ಅವಳೇ.

ಇಂಥವಳಿಗೆ ನಾನು ಮಾಡಿದ್ದು ಇದು.

ನಾಲ್ಕು ವರ್ಷದ ಹಿಂದೆ ಶಾಲೆಗಳಿಗೆ ರಜೆ ಇದ್ದಾಗ ಬಳಗದ ನಾಲ್ಕು ಮನೆಯವರು ಸೇರಿ ಬೆಟ್ಟಕ್ಕೆ ಹೋದೆವು. ತಂಪು ಜಾಗ. ಅಲ್ಲಿ ಒಬ್ಬರು ತೊರೆಯ ನೀರು ಹಾಯಿಸಿ ಕೊಳ ಕಟ್ಟಿ, ಹೊರದೇಶದಿಂದ ಮೊಟ್ಟೆ ತರಿಸಿ ಟ್ರೌಟ್ ಸಾಕಿದ್ದರು. ಬಾಡಿಗೆ ಗಾಳದಲ್ಲಿ ಹಿಡಿಯಬಹುದು, ಹಿಡಿದದ್ದನ್ನು ತೂಗಿಸಿ ಮನೆಗೆ ಒಯ್ಯಬೇಕು. ನೀರಿಗೆ ವಾಪಸ್ ಬಿಡುವಂತಿಲ್ಲ. ಟ್ರೌಟ್ ನಾನು ಚಿತ್ರದಲ್ಲಿ ಮಾತ್ರ ನೋಡಿದ್ದ ಮೀನು. ಹೋಗುವಾಗ ವ್ಯಾನಿನಲ್ಲಿ ಎಲ್ಲರಿಗೂ ಅದರ ಬಗ್ಗೆ ಪಾಠ ಹೇಳಿದೆ. ನೀರು ಹೇಗಿರಬೇಕು, ಗಾಳ ಎಲ್ಲಿ ಬಿಡಬೇಕು, ಯಾವ ಹೊತ್ತಿಗೆ ಕಚ್ಚುತ್ತದೆ ಎಂದು ಎರಡು ಗಂಟೆ ಮಾತಾಡಿದೆ. ಪಾಪ, ಕೇಳಿಸಿಕೊಂಡರು.

ಕೊಳದ ದಂಡೆಯಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೂತೆ. ನನ್ನ ಗಾಳವನ್ನು ಒಂದು ಮೀನೂ ಮೂಸಲಿಲ್ಲ.

ಮಂಗಳೂರಿನ ಫ್ರಾನ್ಸಿಸ್ ಪಕ್ಕದಲ್ಲಿದ್ದ. ಅವನ ಬಾಯಿ ನಿಮಗೆಲ್ಲ ಗೊತ್ತಲ್ಲ. "ಎಂತ ಅಂಕಲ್, ಮೀನಿಗೆಲ್ಲ ನಿಮ್ಮ ಪರಿಚಯ ಉಂಟಾ? ದೂರದಿಂದಲೇ ನೋಡಿ ಓಡ್ತವೆ!"

"ಬಾಯಿ ಮುಚ್ಚು ಮಾರಾಯ, ಶಬ್ದಕ್ಕೆ ಮೀನು ಬರುದಿಲ್ಲ," ಎಂದೆ.

"ಹಾಗಾದ್ರೆ ಬರುವಾಗ ವ್ಯಾನಲ್ಲಿ ನೀವು ಮಾಡಿದ ಶಬ್ದ ಇಲ್ಲಿಯವರೆಗೆ ಕೇಳಿರ್ಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆ, ನಗಲೇಬೇಕಲ್ಲ.

ವಿದ್ಯಾ ಅಲ್ಲಿಯವರೆಗೆ ಗಾಳ ಮುಟ್ಟಿರಲಿಲ್ಲ. ಎರಡು ದಿನದಿಂದ ಅವಳ ಮುಖ ಬಾಡಿತ್ತು, ಬೇರೆ ಹೆಂಗಸರ ಜೊತೆ ಚಾಪೆಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಬೆಂಗಳೂರಿನ ಪದ್ಮಾ ಅವಳನ್ನು ಎಬ್ಬಿಸಿ, "ಏಳೇ, ಒಂದ್ಸಲ ಹಾಕು, ಲಕ್ ನೋಡೋಣ," ಎಂದು ತನ್ನ ಗಾಳ ಕೈಗೆ ಕೊಟ್ಟಳು. ವಿದ್ಯಾ ಎಸೆದದ್ದು ನಾನು ಹೇಳಿಕೊಟ್ಟ ಹಾಗಲ್ಲ, ಬಟ್ಟೆ ಒಣಹಾಕಲು ಕೊಡವುವ ಹಾಗೆ. ಗಾಳ ನೀರಿಗೆ ಬಿತ್ತೋ ಇಲ್ಲವೋ, ದಾರ ಕಿರ್ರೆಂದು ಓಡಿತು. ಆಮೇಲೆ ಸುಮಾರು ಹೊತ್ತು ಒಂದು ಗಲಾಟೆ. ಫ್ರಾನ್ಸಿಸ್ ಬಲೆ ಹಿಡಿದು ನೀರಿಗಿಳಿದ. ರವಿ "ಹೋಲ್ಡ್, ಹೋಲ್ಡ್!" ಎಂದು ಕೂಗಿದ. ವಿದ್ಯಾ ಚಪ್ಪಲಿ ಬಿಟ್ಟು, ಹಿಂದಕ್ಕೆ ಬಾಗಿ, ನಗುತ್ತ ಎಳೆದಳು. ಎಷ್ಟೋ ದಿನದ ಮೇಲೆ ಅವಳು ಗಟ್ಟಿಯಾಗಿ ನಕ್ಕದ್ದು. ಕೊನೆಗೆ ಮೀನು ಮೇಲೆ ಬಂತು. ಸಣ್ಣ ಮಗುವಿನಷ್ಟು ಇತ್ತು.

ನೋಡಿ, ಈಗಲೂ ನನ್ನ ಪೆನ್ನಿನಲ್ಲಿ ಬಂದ ಹೋಲಿಕೆ ಇದೇ. ಹೊಡೆದುಹಾಕುವುದಿಲ್ಲ, ಇರಲಿ.

ಕೊಳ ನೋಡಿಕೊಳ್ಳುವ ಮಧ್ಯವಯಸ್ಸಿನ ಮಲಯ್ ಮನುಷ್ಯ ತಕ್ಕಡಿ ತಂದು ತೂಗಿ ಸಿಳ್ಳೆ ಹೊಡೆದ. ಇಷ್ಟು ದೊಡ್ಡದು ಸಿಕ್ಕಿ ಬಹಳ ದಿನವಾಯಿತೆಂದ. ವಿದ್ಯಾ ಫೋಟೊಗೆಂದು ಎರಡೂ ಕೈಯಲ್ಲಿ ಮೀನನ್ನು ಎತ್ತಿ ಹಿಡಿದು ನಿಂತಳು. ಆ ಮನುಷ್ಯ ನನ್ನ ಕಡೆ ತಿರುಗಿ ಸಹಜವಾಗಿ ಹೇಳಿದ: "ಇನಿ ಸೆಮುವಾ ಮಂಡುಲ್, ಅಂಕಲ್. ಸೆಬಾಬ್ ತು ಬೆಸಾರ್."

ಪದ್ಮಾ ಕೇಳಿದಳು, "ಏನಂತೆ ಅಂಕಲ್? ಏನೋ ಮಂಡಲ ಅಂದ್ರಲ್ಲ?"

ನಾನು ಎದ್ದು ನಿಂತೆ. ಬೆಳಗ್ಗೆಯಿಂದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

"ಮಂಡಲ ಅಲ್ಲ, ಮಂಡುಲ್. ಬಂಜೆ," ಎಂದೆ. "ಇಲ್ಲಿರುದೆಲ್ಲ ಬಂಜೆ ಮೀನು. ಅದಕ್ಕೇ ಇಷ್ಟು ದೊಡ್ಡ. ಮರಿ ಮಾಡುದಿಲ್ಲ, ಸಾಕುದಿಲ್ಲ. ತಿಂಬುದು, ಮೈ ಬೆಳೆಸುದು. ಮತ್ತೆಂತ ಕೆಲಸ?"

ಎಲ್ಲರೂ ನಕ್ಕರು. "ಹಾಗಾದ್ರೆ ಸಂಸಾರ ಇಲ್ಲದವರೇ ಉದ್ಧಾರ ಆಗುದು!" ಎಂದು ಫ್ರಾನ್ಸಿಸ್ ತನ್ನ ಮೂರು ಮಕ್ಕಳ ಕಡೆ ಕೈ ತೋರಿಸಿದ, ಇನ್ನೊಮ್ಮೆ ನಗು. ರವಿ ಫೋನನ್ನು ಕೆಳಗಿಳಿಸಿದ, ಫೋಟೊ ತೆಗೆಯಲಿಲ್ಲ. ವಿದ್ಯಾ ಮೀನು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ಕೊಳದವನನ್ನು ಕೇಳಿದಳು, ಇದನ್ನು ವಾಪಸ್ ನೀರಿಗೆ ಬಿಡಬಹುದೇ ಎಂದು. ಆತ ನಿಯಮ ಹೇಳಿ ತಲೆ ಅಲ್ಲಾಡಿಸಿದ.

ಮನೆಗೆ ಬಂದು ಅವಳೇ ಅದನ್ನು ಹೆಚ್ಚಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹೊಟ್ಟೆ ಸೀಳಿ, ಒಳಗಿಂದ ನೂಲಿನೆಳೆಯಂಥ ಎರಡು ತೆಳ್ಳನೆಯದನ್ನು ಬೆರಳಲ್ಲಿ ಎತ್ತಿ ತೋರಿಸಿ, "ಇದೇನಾ ಮಾವ?" ಎಂದಳು. ಮೊಟ್ಟೆ ಇರಬೇಕಾದ ಜಾಗ ಅದೇ. "ಹೌದು," ಎಂದೆ. ಅಲ್ಲೇ ಇನ್ನೊಂದು ಮಾತು ಹೇಳಬಹುದಿತ್ತು. ಅವಳು ಕತ್ತಿ ಕೆಳಗಿಟ್ಟು ನನ್ನ ಮುಖ ನೋಡುತ್ತಿದ್ದಳು. ನಾನು ಹೇಳಿದ್ದು: "ಹುಳಿ ಸ್ವಲ್ಪ ಜಾಸ್ತಿ ಹಾಕು. ಈ ಮೀನಿಗೆ ಎಣ್ಣೆ ಜಾಸ್ತಿ."

ಅವಳು ಕೇಳಿದ ಕೊನೆಯ ಮೀನಿನ ಪ್ರಶ್ನೆ ಅದು. ಆಮೇಲೆ ಊಟ, ಮಾತ್ರೆ, ಕಣ್ಣಿನ ಡಾಕ್ಟರು, ಯಾವುದರಲ್ಲೂ ಕಡಿಮೆ ಮಾಡಲಿಲ್ಲ. "ಮಾತ್ರೆ ಆಯ್ತಾ?" "ಊಟಕ್ಕೆ ಬನ್ನಿ." ಮಾವ ಎಂಬ ಪದ ಮಾತ್ರ ಮನೆಯಿಂದ ಹೋಯಿತು. ಅದು ಹೋಗಿದೆ ಎಂದು ನನಗೆ ತಿಳಿಯಲು ಆರು ತಿಂಗಳು ಬೇಕಾಯಿತು. ನೀವು ಯೋಚಿಸಿ ನೋಡಿ, ಒಬ್ಬರನ್ನು ಏನೆಂದೂ ಕರೆಯದೆ ಒಂದು ಮನೆಯಲ್ಲಿ ದಿನವಿಡೀ ಮಾತಾಡುವುದು ಎಷ್ಟು ಎಚ್ಚರದ ಕೆಲಸ!

ನನ್ನ ಪರವಾಗಿ ನಾನು ಬಹಳ ವಾದ ಮಾಡಿಕೊಂಡೆ. ನಾನು ಬರೀ ಅನುವಾದ ಮಾಡಿದ್ದು, ಮಂಡುಲ್ ಎಂದರೆ ಅದೇ ಅರ್ಥ ಎಂದುಕೊಂಡೆ. ಮಲಯ್ ನಿಘಂಟನ್ನು ತೆಗೆದು ನೋಡಿದೆ, ಅರ್ಥ ಸರಿಯಾಗೇ ಇತ್ತು. ಇಂಥ ಕೊಳಗಳಿಗೆ ಹೆಣ್ಣು ಮೀನುಗಳನ್ನೇ ಆರಿಸಿ ಬಿಡುವುದು ರೂಢಿ, ಗಂಡಾದರೆ ತೀಗಾ ಆದರೂ ಪ್ರಾಯ ಬಂದಾಗ ಮೈ ಕೆಡುತ್ತದೆ. ಕೊಳದಲ್ಲಿರುವುದೆಲ್ಲ ಹೆಣ್ಣಾದ್ದರಿಂದ ಬಂಜೆ ಎಂಬ ಸ್ತ್ರೀಲಿಂಗವೂ ಸರಿಯೇ ಎಂದು ವ್ಯಾಕರಣದ ಮೊರೆಹೊಕ್ಕೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡದಲ್ಲಿ ನನಗೆ ಬಂದ ಅಂಕ ನೋಡಿದ್ದರೆ ನಮ್ಮ ಮೇಷ್ಟ್ರು ಈ ಹೊಸ ಆಸಕ್ತಿಗೆ ಆಶ್ಚರ್ಯಪಡುತ್ತಿದ್ದರು.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನ್ನ ನಾಲಿಗೆಯ ಮೇಲೆ ಒಂದಲ್ಲ, ಮೂರು ಪದ ಇದ್ದವು. ದನಕ್ಕೆ ನಾವು ಗೊಡ್ಡು ಎನ್ನುತ್ತೇವೆ. ಊರಿನಲ್ಲಿ ಯಾವ ಪ್ರಾಣಿಗಾದರೂ ಅದೇ ಬರುವುದು. ಅದೂ ಬೇಡವಾದರೆ ಮೊಟ್ಟೆ ಕಟ್ಟದ ಮೀನು ಎಂದರೆ ಸಾಕಿತ್ತು. ಬಂಜೆ ಎಂದು ನಾನು ನನ್ನ ಜನ್ಮದಲ್ಲಿ ಯಾವ ಪ್ರಾಣಿಗೂ ಹೇಳಿದವನಲ್ಲ. ಕನ್ನಡದಲ್ಲಿ ಆ ಪದ ಇರುವುದು ಹೆಂಗಸಿಗೆ. ಮೂರನ್ನೂ ನೋಡಿ ಅದನ್ನೇ ಆರಿಸಿದೆ. ಹೇಳುವಾಗ ನನ್ನ ಕಣ್ಣು ಇದ್ದದ್ದು ಮೀನಿನ ಮೇಲಲ್ಲ.

ಇನ್ನೂ ಒಂದಿದೆ. ಅದಕ್ಕೆ ಮೂರು ದಿನ ಮೊದಲು ರವಿ ನನ್ನನ್ನು ಮಾಮಕ್ ಅಂಗಡಿಗೆ ಚಹಾಕ್ಕೆ ಕರೆದುಕೊಂಡು ಹೋಗಿದ್ದ. ನಾವಿಬ್ಬರೇ ಚಹಾ ಕುಡಿಯಲು ಹೋದದ್ದು ಅಪರೂಪ. ಅವನು ಲೋಟವನ್ನು ತಿರುಗಿಸುತ್ತ ಹೇಳಿದ: "ಅಪ್ಪ, ಟ್ರೀಟ್‌ಮೆಂಟ್ ಎಲ್ಲ ಸ್ಟಾಪ್ ಮಾಡಿದ್ವಿ. ಫೈವ್ ಇಯರ್ಸ್ ಆಯ್ತು, ಷಿ ಈಸ್ ಟಯರ್ಡ್. ಇನ್ನು ಬೇಡ ಅಂತ ಡಿಸೈಡ್ ಮಾಡಿದೀವಿ. ಸೋ, ಪ್ಲೀಸ್ ಲಾ, ಅವಳ ಹತ್ರ ಏನೂ ಕೇಳ್ಬೇಡ." ಮಗ ನನ್ನೊಡನೆ ಇಷ್ಟು ಉದ್ದ ಕನ್ನಡ ಮಾತಾಡಿದ್ದು ಅವನ ತಾಯಿ ಹೋದಾಗ, ಬಿಟ್ಟರೆ ಆವತ್ತು. ನಾನು "ಸರಿ," ಎಂದೆ.

ಎಂದರೆ ನನಗೆ ಗೊತ್ತಿತ್ತು. ನಾನು ಮೊಮ್ಮಗುವಿಗಾಗಿ ಕಾಯುತ್ತಿದ್ದೆ. ಬಾಯಿಬಿಟ್ಟು ಒಮ್ಮೆಯೂ ಕೇಳಿರಲಿಲ್ಲ, ಅದನ್ನು ನನ್ನ ದೊಡ್ಡತನ ಎಂದುಕೊಂಡಿದ್ದೆ. ಆ ಮೂರು ದಿನ ಒಳಗೊಳಗೇ ಕುದಿಯುತ್ತಿದ್ದೆ. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅದರ ಮೇಲೆ ಆ ಮೀನು. ಮೂವತ್ತು ವರ್ಷ ಮೀನಿನ ನೀರಲ್ಲೇ ನಿಂತ ನನ್ನನ್ನು ಬಿಟ್ಟು, ಗಾಳ ಹಿಡಿಯಲು ಬಾರದ ಅವಳಿಗೆ ಬಿತ್ತು. ಆ ಮೀನು ನನಗೇ ಸಿಕ್ಕಿದ್ದರೆ ಆ ಪದ ಬರುತ್ತಿರಲಿಲ್ಲವೋ ಏನೋ. ಮೊಮ್ಮಗುವಿನ ದುಃಖ ಎಷ್ಟು, ಗಾಳಕ್ಕೆ ಮೀನು ಬೀಳದ ಹೊಟ್ಟೆಕಿಚ್ಚು ಎಷ್ಟು ಎಂದು ಬಿಡಿಸಿ ನೋಡಲು ಪ್ರಯತ್ನಪಟ್ಟಿದ್ದೇನೆ. ಎರಡನೆಯದೇ ಹೆಚ್ಚು ಇತ್ತೆಂದು ಕಾಣುತ್ತದೆ. ಬರೆಯಲು ನಾಚಿಕೆಯಾಗುತ್ತದೆ.

ಈಗ ವಿದ್ಯಾಳಿಗೆ ಮೆಲಾಕಾದ ವೈದ್ಯಕೀಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿದೆ. ರವಿಗೆ ಎಲ್ಲಿಂದ ಬೇಕಾದರೂ ನಡೆಯುವ ಕೆಲಸ. ಮನೆ ಬದಲಾಯಿಸುವುದೆಂದಾಯಿತು. ನಾನು ಅವರ ಜೊತೆ ಹೋಗುವುದೋ, ಇಲ್ಲೇ ನನ್ನ ಅಣ್ಣನ ಮಗನ ಫ್ಲ್ಯಾಟಿನಲ್ಲಿ ಇರುವುದೋ ಎಂಬ ಮಾತು ಬಂದಾಗ, ಪಕ್ಕದ ಕೋಣೆಯಿಂದ ಅವಳ ಉತ್ತರ ಕೇಳಿಸಿತು: "ಅವರಿಷ್ಟ." ಬನ್ನಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನಾನು ಏನೂ ಹೇಳದೆ ಹೋದರೆ ಮೆಲಾಕಾದಲ್ಲೂ ಒಂದು ಮನೆಯಲ್ಲಿ ಹೆಸರಿಲ್ಲದವನಾಗಿ ಇರುತ್ತೇನೆ. ಹೋಗದೆ ಇಲ್ಲೇ ಉಳಿದರೆ ಅವಳಿಗೆ ಒಂದು ಮಾತು ಹೇಳುವ ದಿನ ಮತ್ತೆ ಬರುವುದಿಲ್ಲ. ನನ್ನ ವಯಸ್ಸಿನಲ್ಲಿ ಇದು ಹೆದರಿಕೆಯ ಮಾತಲ್ಲ, ಬರೀ ಲೆಕ್ಕ.

ಸಾರಿ ಎನ್ನುವುದು ಸುಲಭ. ಎಲ್‌ಆರ್‌ಟಿ ರೈಲಿನಲ್ಲಿ ಯಾರದಾದರೂ ಕಾಲು ತುಳಿದರೆ ದಿನಕ್ಕೆ ಎರಡು ಸಲ ಹೇಳುತ್ತೇನೆ. ತಪ್ಪಾಯಿತು ಎಂದು ಮಾತ್ರ ನಾನು ಗಿರಿಜಾಳಿಗೂ ಹೇಳಿದವನಲ್ಲ. ಅವಳಿಗೆ ಹೇಳಬೇಕಾದದ್ದು ಇರಲಿಲ್ಲವೆಂದಲ್ಲ.

ಒಂದು ಶನಿವಾರ ಬೆಳಗ್ಗೆ ರವಿ ಹೊರಗೆ ಹೋಗಿದ್ದ. ವಿದ್ಯಾ ಅಡುಗೆಮನೆಯ ನೆಲದ ಮೇಲೆ ಕೂತು ತಟ್ಟೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು.

"ವಿದ್ಯಾ, ಒಂದು ಮಾತು ಹೇಳುದುಂಟು."

"ಹೇಳಿ."

"ಬೆಟ್ಟದ ಮೇಲೆ, ಆ ಮೀನಿನ ದಿವಸ..."

"ಹ್ಞಾಂ." ಅವಳು ಸುತ್ತುವುದನ್ನು ನಿಲ್ಲಿಸಲಿಲ್ಲ.

"ತಪ್ಪಾಯ್ತು."

"ಏನು ತಪ್ಪು? ಅನುವಾದನಾ?"

ಈ ನಾಲ್ಕು ವರ್ಷದಲ್ಲಿ ನನ್ನ ವಾದವನ್ನು ನಾನು ಅವಳ ಮುಂದೆ ಇಟ್ಟವನಲ್ಲ. ಆದರೆ ಅವಳಿಗೆ ಅದು ಗೊತ್ತಿತ್ತು.

"ಅನುವಾದ ಸರಿ ಇತ್ತು," ಎಂದೆ. "ನಾನು ಹೇಳಿದ್ದು ಮೀನಿಗಲ್ಲ. ರವಿ ನನಗೆ ಮೂರು ದಿನ ಮೊದಲೇ ಎಲ್ಲ ಹೇಳಿದ್ದ. ಗೊತ್ತಿದ್ದೇ ಹೇಳಿದೆ."

ಅವಳು ತಟ್ಟೆ ಕೆಳಗಿಟ್ಟಳು. "ನಿಮಗೆ ಹೇಳಿ ಅಂತ ರವಿಗೆ ಅಂದಿದ್ದು ನಾನೇ. ಅವ್ರು ಬೇಡ ಅಂದ್ರು, ಅಪ್ಪನಿಗೆ ಯಾಕೆ ಇದೆಲ್ಲ ಅಂದ್ರು. ನಾನೇ, ಇಲ್ಲ, ಪಾಪ ನಿಮ್ಮಪ್ಪ ಕಾಯ್ತಾ ಇದಾರೆ, ಸುಮ್ಮನೆ ಆಸೆ ಇಟ್ಕೊಂಡು ಕಾಯೋ ಹಾಗೆ ಆಗಬಾರದು, ನಾವೇ ಹೇಳೋಣ ಅಂದೆ. ನಮ್ಮ ಅಮ್ಮನಿಗೂ ಅವತ್ತಿನ್ನೂ ಹೇಳಿರಲಿಲ್ಲ. ಮೊದಲು ನಿಮಗೆ ಹೇಳಿದ್ದು."

ಇದು ನನಗೆ ಗೊತ್ತಿರಲಿಲ್ಲ. ಮಗ ನನ್ನ ಮೇಲೆ ನಿಯಮ ಹೇರಿದ ಎಂದುಕೊಂಡಿದ್ದೆ. ಅವಳು ನನ್ನನ್ನು ನಂಬಿ ಕೊಟ್ಟದ್ದನ್ನೇ ಎತ್ತಿ ಅವಳ ಮೇಲೆ ಎಸೆದಿದ್ದೆ.

"ಅವತ್ತು ಮೀನು ಹೆಚ್ಚುವಾಗ ಕಾದೆ," ಎಂದಳು. "ಏನಾದ್ರೂ ಹೇಳ್ತೀರ ಅಂತ. 'ಹುಳಿ ಹಾಕು' ಅಂದ್ರಿ."

"ತಪ್ಪಾಯ್ತು ಮಗಾ."

"ಅಲ್ಲ, ಈಗ ಇಲ್ಲಿ ಪಾತ್ರೆ ಮಧ್ಯೆ ನಿಂತ್ಕೊಂಡು ಹೇಳ್ತಿದೀರ. ಅವತ್ತು ಹೇಳಿದ್ದು ಎಷ್ಟು ಜನರ ಮುಂದೆ?"

"ಹತ್ತು ಹನ್ನೆರಡು ಜನ ಇದ್ರು."

"ಮತ್ತೆ?"

"ಅವರನ್ನೆಲ್ಲ ಮನೆಗೆ ಕರಿಲಾ?" ಎಂದೆ.

"ಕರೆದು? ಉಪ್ಪಿಟ್ಟು ಕೊಟ್ಟು ಹೇಳ್ತೀರಾ?" ಅವಳಿಗೇ ನಗು ಬಂದಂತಾಯಿತು, ತಡೆದಳು. "ವರ್ಷಾ ವರ್ಷಾ ಸಂಚಿಕೆಗೆ ಮೀನಿನ ವಿಷಯ ಬರೀತೀರಲ್ಲ. ಅದರಲ್ಲಿ ಬರೀರಿ. ಅವರೆಲ್ಲ ಓದ್ತಾರೆ."

"ನಿನ್ನ ವಿಷಯ ಹೊರಗೆ ಬರ್ತದೆ. ಹೆಸರು ಬದಲಾಯಿಸಿ ಬರಿತೇನೆ."

"ಬದಲಾಯಿಸಿದ್ರೆ ಕಥೆ ಅಂದ್ಕೋತಾರೆ. ನನ್ನ ಹೆಸರೇ ಹಾಕಿ. ಮುಚ್ಚಿಡೋಕೆ ನಾನೇನು ಕದ್ದಿದೀನಾ?"

ಹೆದರುತ್ತಲೇ ಕೇಳಿದೆ: "ಮತ್ತೆ ಮೆಲಾಕಾ?"

"ಕೆಳಗಿನ ರೂಮು ನಿಮಗೆ ಅಂತಲೇ ನೋಡಿರೋದು, ಮೆಟ್ಟಿಲು ಹತ್ತೋದು ಬೇಡ ಅಂತ," ಎಂದು ಇನ್ನೊಂದು ತಟ್ಟೆ ಎತ್ತಿಕೊಂಡಳು. "ಅದು ಬೇರೆ, ಇದು ಬೇರೆ."

ಈ ಬರಹವನ್ನು ಮೊದಲು ಅವಳೇ ಓದಿದಳು. ವಿದ್ಯಾರ್ಥಿಗಳ ಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲಿ ಒಂದೇ ಕಡೆ ಗೀಟು ಎಳೆದಳು. ಮೊದಲ ಕರಡಿನಲ್ಲಿ 'ಬಾಯಿತಪ್ಪಿ ಬಂದ ಮಾತು' ಎಂದು ಎಲ್ಲೋ ನುಸುಳಿತ್ತು. ಅಷ್ಟೆಲ್ಲ ಒಪ್ಪಿಕೊಂಡ ಮೇಲೂ ನನ್ನ ಕೈ ಅದನ್ನು ಬರೆದಿತ್ತು. ಉಳಿದದ್ದರ ಬಗ್ಗೆ ಏನೂ ಹೇಳಲಿಲ್ಲ. ಅವಳು ಕ್ಷಮಿಸಿದಳೇ ಎಂದು ನೀವು ಕೇಳಬಹುದು. ನಾನು ಅವಳನ್ನು ಕೇಳಿಲ್ಲ. ಕೇಳುವುದು ನನ್ನ ಕೆಲಸವೂ ಅಲ್ಲ.

ನನ್ನ ಕೆಲಸ ಇಷ್ಟು. ಪದ್ಮಾ, ಫ್ರಾನ್ಸಿಸ್, ಆ ದಿನ ಕೊಳದ ದಂಡೆಯಲ್ಲಿದ್ದ ನೀವೆಲ್ಲರೂ ಕೇಳಿ. ನೀವು ನಕ್ಕದ್ದು ಮೀನಿನ ಮಾತೆಂದು ತಿಳಿದು. ಅದರಲ್ಲಿ ನಿಮ್ಮ ತಪ್ಪಿಲ್ಲ. ನಾನು ಆ ಮಾತನ್ನು ಹೇಳಿದ್ದು ನನ್ನ ಸೊಸೆಗೆ, ಅವಳ ನೋವು ಗೊತ್ತಿದ್ದೂ, ಅದು ಅವಳಿಗೆ ತಾಗಲಿ ಎಂದೇ. ಆ ಮಾತನ್ನು ನಿಮ್ಮೆಲ್ಲರ ಮುಂದೆ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ವಿದ್ಯಾ, ತಪ್ಪು ನನ್ನದು.